ಮುಂಬೈ ಮಕ್ಕಳಿಗೆ ಕನ್ನಡ ಓದು: ಪಾಟಿ, ಪುಸ್ತಕ, ಫೋನು – ಯಾವುದು ಯಾವಾಗ?

ಪ್ರತಿ ವರ್ಷ ಜೂನ್‌ನಲ್ಲಿ ನಮ್ಮ ಭಾನುವಾರದ ಕನ್ನಡ ತರಗತಿ ಶುರುವಾದ ಕೂಡಲೇ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಒಂದೇ. "ಟೀಚರ್, ಇವಳಿಗೆ ಪುಸ್ತಕ ತರಲಾ, ಇಲ್ಲ ಫೋನಿಗೆ ಆ್ಯಪ್ ಹಾಕಿಕೊಡಲಾ?"

ಡೊಂಬಿವಲಿಯ ಒಂದು ಹೌಸಿಂಗ್ ಸೊಸೈಟಿಯ ಆಫೀಸ್ ರೂಮಿನಲ್ಲಿ ಒಂಬತ್ತು ವರ್ಷದಿಂದ ಈ ತರಗತಿ ನಡೆಸುತ್ತಿದ್ದೇನೆ. ಬರುವ ಮಕ್ಕಳೆಲ್ಲ ಇಂಗ್ಲಿಷ್ ಶಾಲೆಯವರು. ಮನೆಯೊಳಗೆ ಕನ್ನಡ, ತುಳು ಅಥವಾ ಕೊಂಕಣಿ. ಮೆಟ್ಟಿಲು ಇಳಿದರೆ ಹಿಂದಿ, ಮರಾಠಿ. ಕನ್ನಡ ಮಾತು ಸಲೀಸಾಗಿ ಬರುತ್ತದೆ, ಅಕ್ಷರ ಮಾತ್ರ ಗೊತ್ತಿಲ್ಲ. ಊರಿಂದ ಅಜ್ಜಿ ಬರೆದ ಚೀಟಿ ಬಂದರೆ ಅಮ್ಮನೇ ಓದಿ ಹೇಳಬೇಕು.

ಪುಸ್ತಕವೋ ಆ್ಯಪೋ ಎಂದರೆ ನನ್ನ ಉತ್ತರ ಹೀಗಿದೆ: ಅಕ್ಷರ ಕೂರುವವರೆಗೆ ಕೈ ಮತ್ತು ಪಾಟಿ, ಅಂದರೆ ಸ್ಲೇಟು. ಒತ್ತಕ್ಷರದ ಹೊತ್ತಿಗೆ ಕೀಬೋರ್ಡ್. ಕಥೆ ಓದಲು ಕಾಗದ. ಧ್ವನಿಗೆ, ಮತ್ತು ಈ ಊರಿನಲ್ಲಿ ಸುಲಭವಾಗಿ ಸಿಗದ ಪುಸ್ತಕಗಳಿಗೆ ಫೋನು. ಯಾಕೆ ಎಂದು ಒಂದೊಂದಾಗಿ ಹೇಳುತ್ತೇನೆ.

ಮೊದಲು ನಿಮ್ಮ ಮಗುವಿಗೆ ಏನು ಗೊತ್ತಿದೆ ನೋಡಿ

ಮಹಾರಾಷ್ಟ್ರದಲ್ಲಿ 2020ರ ಕಾನೂನಿನ ನಂತರ ಎಲ್ಲ ಶಾಲೆಗಳಲ್ಲೂ ಮರಾಠಿ ಕಲಿಸಲೇಬೇಕು. ಹಾಗಾಗಿ ಎರಡನೇ ಮೂರನೇ ತರಗತಿಯ ಮಗುವಿಗೆ ಬಾರಾಖಡಿ ಗೊತ್ತಿರುತ್ತದೆ. ಬಾರಾಖಡಿ ಎಂದರೆ ನಮ್ಮ ಕಾಗುಣಿತವೇ ಅಲ್ವಾ? ಕ, ಖ, ಗ, ಘ ಎಂಬ ಸಾಲು ಕೂಡ ಅದೇ. ಇಂಥ ಮಗುವಿಗೆ 'ಅ ಅರಸ, ಆ ಆನೆ' ಎಂದು ತಿಂಗಳುಗಟ್ಟಲೆ ಹಾಡಿಸುವ ಆ್ಯಪ್ ಬೇಕಿಲ್ಲ, ಅಂಥ ಚಿತ್ರಪುಸ್ತಕವೂ ಬೇಕಿಲ್ಲ. ಅದಕ್ಕೆ ಬೇಕಾದ್ದು ಹೊಸ ಆಕಾರ ಮಾತ್ರ. ಪದ್ಧತಿ ಆಗಲೇ ತಲೆಯಲ್ಲಿದೆ.

ಆದರೆ ಮರಾಠಿ ಗೊತ್ತಿರುವುದರಿಂದಲೇ ಮೂರು ಕಡೆ ನಮ್ಮ ಮಕ್ಕಳು ಎಡವುತ್ತಾರೆ. ಒಂದು, ಮರಾಠಿಯಲ್ಲಿ ಎ-ಏ, ಒ-ಓ ಎಂಬ ಭೇದಕ್ಕೆ ಬೇರೆ ಅಕ್ಷರ ಇಲ್ಲ. 'ಕೊಡು' ಎಂಬುದನ್ನು 'ಕೋಡು' ಎಂದು ಓದುತ್ತಾರೆ, 'ಬೆಳೆ' ಹೋಗಿ 'ಬೇಳೆ' ಆಗುತ್ತದೆ. ಎರಡು, ಪದದ ಕೊನೆಯ ಅಕಾರ ನುಂಗುವುದು. 'ಮರ' ಎಂದು ಬರೆದದ್ದನ್ನು 'ಮರ್' ಎನ್ನುತ್ತಾರೆ. ಮೂರನೆಯದು ಒತ್ತಕ್ಷರ. ಮರಾಠಿಯ ಜೋಡಾಕ್ಷರದಲ್ಲಿ ಸಾಮಾನ್ಯವಾಗಿ ಮೊದಲ ಅಕ್ಷರ ಅರ್ಧವಾಗುತ್ತದೆ. ನಮ್ಮಲ್ಲಿ ಮೊದಲನೆಯದು ಪೂರ್ತಿ ನಿಂತು ಎರಡನೆಯದು ಕೆಳಗೆ ಇಳಿಯುತ್ತದೆ. ಮಗುವಿಗೆ ಇದು ತಲೆಕೆಳಗಾದ ಲೆಕ್ಕ.

ಯಾವ ಪುಸ್ತಕ, ಯಾವ ಆ್ಯಪ್ ನೋಡಿದರೂ ಈ ಮೂರು ತೊಡಕಿಗೆ ಅದರಲ್ಲಿ ಏನಿದೆ ಎಂದು ನೋಡಿ. ಬಣ್ಣ, ಹಾಡು, ಬಹುಮಾನದ ನಕ್ಷತ್ರ ಎಲ್ಲ ಆಮೇಲೆ.

ಅಕ್ಷರ ಕಲಿಯುವಾಗ: ಪಾಟಿಯೋ, ಪರದೆಯೋ

ಇಲ್ಲಿ ನನಗೆ ಒಂದಿಷ್ಟೂ ಅನುಮಾನವಿಲ್ಲ. ಪಾಟಿ.

ಇದನ್ನು ನಾನು ಕಷ್ಟಪಟ್ಟೇ ಕಲಿತೆ. ನಾಲ್ಕು ವರ್ಷದ ಹಿಂದೆ ಒಬ್ಬ ಪೋಷಕರು ಪ್ರೀತಿಯಿಂದ ಐದು ಟ್ಯಾಬ್ಲೆಟ್ ಕೊಟ್ಟರು. ಅದರಲ್ಲಿ ಅಕ್ಷರ ಕಲಿಸುವ ಒಂದು ಆ್ಯಪ್ ಇತ್ತು. ಮೂರು ತಿಂಗಳು ಪಾಟಿ ಬದಿಗಿಟ್ಟು ಅದನ್ನೇ ಬಳಸಿದೆವು. ಮಕ್ಕಳು ಪಟಪಟ ಅಂತ ಉತ್ತರ ಒತ್ತುತ್ತಿದ್ದರು, ನನಗೂ ಖುಷಿಯೋ ಖುಷಿ. ಒಂದು ದಿನ ಯಾರದೋ ಮದುವೆಯ ಕನ್ನಡ ಕಾಗದ ಮೇಜಿನ ಮೇಲಿತ್ತು. ಮೇಲೆ ದೊಡ್ಡದಾಗಿ 'ಆಮಂತ್ರಣ' ಎಂದು ಅಚ್ಚಾಗಿತ್ತು. ಏಳು ವರ್ಷದ ಹುಡುಗನಿಗೆ ಮೊದಲ ಅಕ್ಷರ ತೋರಿಸಿ "ಇದೇನು ಪುಟ್ಟ?" ಎಂದೆ. ಅವನು ಸ್ವಲ್ಪ ಹೊತ್ತು ನೋಡಿ "ಆನೆ" ಎಂದ. ಮುಂದಿನ 'ಮಂ' ತೋರಿಸಿದರೆ ಸುಮ್ಮನಾದ. ಆ್ಯಪಿನಲ್ಲಿ 'ಮ' ಹಸಿರು ಚೌಕದಲ್ಲಿರುತ್ತಿತ್ತು, ಪಕ್ಕದಲ್ಲಿ ಮರದ ಚಿತ್ರ. ಅವನು ನೆನಪಿಟ್ಟದ್ದು ಹಸಿರು ಬಣ್ಣವನ್ನು ಮತ್ತು ಮರವನ್ನು. ಅಕ್ಷರವನ್ನು ನೋಡಿಯೇ ಇರಲಿಲ್ಲ. ಆ ಭಾನುವಾರವೇ ಪಾಟಿ ಮತ್ತೆ ಹೊರಗೆ ಬಂತು.

ಬೆರಳಿನಿಂದ ತಿದ್ದುವ ಆ್ಯಪ್‌ಗಳಲ್ಲೂ ಒಂದು ತೊಂದರೆ ಇದೆ. ಒಬ್ಬ ಹುಡುಗಿ 'ಮ' ತಿದ್ದುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಬಲಗಡೆಯ ಕೊಂಬಿನಿಂದ ಶುರು ಮಾಡಿ ಹಿಂದಕ್ಕೆ ಎಳೆದಳು. ನಡುವೆ ಎರಡು ಸಲ ಬೆರಳೆತ್ತಿದಳು. ಚುಕ್ಕೆ ಗೆರೆಯೆಲ್ಲ ಬಣ್ಣ ತುಂಬಿದ್ದರಿಂದ ಆ್ಯಪ್ ನಕ್ಷತ್ರ ಕೊಟ್ಟುಬಿಟ್ಟಿತು! ಅದೇ 'ಮ'ವನ್ನು ಪಾಟಿಯ ಮೇಲೆ ಬರೆಯಲು ಹೇಳಿದರೆ ಆಕಾರ ಬರಲೇ ಇಲ್ಲ. ಆಗ ಕೈ ಹಿಡಿದು ಎಡದಿಂದ ಬರೆಸಿದೆ. ಮೊದಲು 'ವ' ಬರೆದು, ಅದನ್ನು ಬಿಡದೆ ಬಲಕ್ಕೆ ಒಂದು ಕೊಂಬು ಎಳೆದರೆ 'ಮ'. ಹತ್ತು ಸಲ ಬರೆದಳು, ಅಳಿಸಿದಳು, ಬರೆದಳು. ಅವಳಿಗೆ ಆಮೇಲೆ ವ-ಮ ಗೊಂದಲ ಆಗಲೇ ಇಲ್ಲ.

ಇದು ನನ್ನೊಬ್ಬಳ ಅನುಭವ ಮಾತ್ರ ಅಲ್ಲ. 2005ರಲ್ಲಿ ಫ್ರಾನ್ಸಿನ ಸಂಶೋಧಕರು ಮೂರರಿಂದ ಐದು ವರ್ಷದ 76 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಅಕ್ಷರಗಳನ್ನು ಕೈಯಲ್ಲಿ ಬರೆದು ಕಲಿತಿತು, ಇನ್ನೊಂದು ಕೀಬೋರ್ಡ್ ಒತ್ತಿ ಕಲಿತಿತು. ಅವರಲ್ಲಿ ದೊಡ್ಡ ಮಕ್ಕಳ ಪೈಕಿ ಕೈಯಲ್ಲಿ ಬರೆದವರೇ ಅಕ್ಷರವನ್ನು ಚೆನ್ನಾಗಿ ಗುರುತಿಸಿದರು. ಅವರ ಅಕ್ಷರ ನಮ್ಮದಕ್ಕಿಂತ ಎಷ್ಟೋ ಸರಳ. ವ-ಮ, ಪ-ಷ, ಬ-ಭ ಎಂದು ಒಂದೊಂದು ಗೆರೆಯಲ್ಲೇ ಬೇರೆಯಾಗುವ ನಮ್ಮ ಲಿಪಿಗೆ ಕೈಯ ಅಭ್ಯಾಸ ಇನ್ನೂ ಜಾಸ್ತಿ ಬೇಕು ಎಂದೇ ನನ್ನ ನಂಬಿಕೆ.

ಪಾಟಿ ಇಲ್ಲಿ ಸಿಗುತ್ತದಾ ಎಂದು ಕೇಳುವವರಿಗೆ: ಮರಾಠಿಯಲ್ಲೂ ಅದು ಪಾಟಿಯೇ, ಧಾರವಾಡದ ಕಡೆಯವರು ಹೇಳುವ ಹಾಗೆ. ಸ್ಟೇಷನರಿ ಅಂಗಡಿಯಲ್ಲಿ ಹಾಗೇ ಕೇಳಿ. ಪುಸ್ತಕಕ್ಕೆ ಬಂದಾಗ ಇಂಗ್ಲಿಷಿನ ನಾಲ್ಕು ಗೆರೆಯದ್ದು ಬೇಡ. 'ದುರೇಘಿ ವಹಿ' ಎಂದು ಕೇಳಿ, ಎರಡು ಗೆರೆಯ ಪುಸ್ತಕ ಕೊಡುತ್ತಾರೆ. ಅಕ್ಷರ ಎರಡು ಗೆರೆಯ ನಡುವೆ ಕೂರಲಿ. ಕೆಳಗಿನ ಖಾಲಿ ಜಾಗ ಮುಂದೆ ಒತ್ತಕ್ಷರಕ್ಕೆ ಬೇಕಾಗುತ್ತದೆ.

ಯಾವ ಅಕ್ಷರದಿಂದ ಶುರು ಮಾಡುವುದು? ನಾನು ಕರ್ನಾಟಕದ ನಲಿ-ಕಲಿಯ ಕ್ರಮ ಹಿಡಿಯುತ್ತೇನೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ದರ, ಗರಗಸ ಎಲ್ಲ ಓದಬಹುದು. ಮೊದಲ ವಾರವೇ ಮಗು ಪದ ಓದಿ ಮನೆಗೆ ಹೋಗುತ್ತದೆ. ಆ ಮುಖ ನೋಡಬೇಕು ನೀವು! ವರ್ಣಮಾಲೆಯ ಕ್ರಮದಲ್ಲೇ ಹೋದರೆ ಮೊದಲ ವಾರಗಳೆಲ್ಲ ಸ್ವರದಲ್ಲೇ ಕಳೆದುಹೋಗುತ್ತವೆ, ಓದಲು ಪದವೇ ಇರುವುದಿಲ್ಲ. ಕರ್ನಾಟಕ ಸರ್ಕಾರದ ಪಠ್ಯಪುಸ್ತಕಗಳು ಇಂಟರ್ನೆಟ್‌ನಲ್ಲಿ ಪಿಡಿಎಫ್ ಆಗಿ ಉಚಿತವಾಗಿ ಸಿಗುತ್ತವೆ. ಇಳಿಸಿಕೊಂಡು ಬೇಕಾದ ಪುಟಗಳನ್ನಷ್ಟೇ ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿ.

ಈ ಹಂತದಲ್ಲಿ ಫೋನಿಗೆ ಒಂದೇ ಕೆಲಸ ಕೊಡಿ: ಧ್ವನಿ. ಅದಕ್ಕೂ ಆ್ಯಪ್ ಬೇಕಿಲ್ಲ, ಫೋನಿನಲ್ಲೇ ಇರುವ ರೆಕಾರ್ಡರ್ ಸಾಕು. ಮಗು ಹತ್ತು ಪದ ಓದಲಿ. ಅದನ್ನೇ ವಾಪಸ್ ಕೇಳಿಸಿ. 'ಮರ್' ಎಂದದ್ದು ಅದರ ಕಿವಿಗೇ ಬೀಳುತ್ತದೆ. "ಅಯ್ಯೋ, ಮರ!" ಎಂದು ತಾನೇ ತಿದ್ದಿಕೊಳ್ಳುತ್ತದೆ. ನಾನು ಹತ್ತು ಸಲ ಹೇಳಿದರೂ ಆಗದ್ದು ಒಂದು ರೆಕಾರ್ಡಿಂಗ್‌ನಲ್ಲಿ ಆದದ್ದನ್ನು ಕಂಡಿದ್ದೇನೆ. 'ಕೊಡು-ಕೋಡು' ಜೋಡಿಗಳಿಗೂ ಇದೇ ಮದ್ದು.

ಒತ್ತಕ್ಷರ: ಇಲ್ಲಿ ಕೀಬೋರ್ಡ್ ಗೆಲ್ಲುತ್ತದೆ

ನಮ್ಮ ತರಗತಿ ಬಿಡುವ ಮಕ್ಕಳಲ್ಲಿ ಹೆಚ್ಚಿನವರು ಬಿಡುವುದು ಒತ್ತಕ್ಷರದ ಹೊತ್ತಿಗೆ. ಅಲ್ಲಿಯವರೆಗೆ ಚೆನ್ನಾಗಿ ಓದುತ್ತಿದ್ದವರು ದಿಢೀರನೆ ಮಂಕಾಗುತ್ತಾರೆ. ಪೋಷಕರಿಗೆ ಗಾಬರಿ. ಗಾಬರಿ ಬೇಡ. ಕನ್ನಡ ಶಾಲೆಯ ಮಕ್ಕಳಿಗೂ ಇದಕ್ಕೆ ವರ್ಷಗಳೇ ಹಿಡಿಯುತ್ತವೆ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ: ಇಂಗ್ಲಿಷಿನ 26 ಅಕ್ಷರಗಳ ಹಾಗೆ ಒಂದು ವರ್ಷದಲ್ಲಿ ಮುಗಿಯುವ ಕೆಲಸ ಇದಲ್ಲ, ನಾಲ್ಕನೇ ತರಗತಿಯವರೆಗೂ ಮಕ್ಕಳು ಅಕ್ಷರ ಕಲಿಯುತ್ತಲೇ ಇರುತ್ತಾರೆ.

ಅಚ್ಚಾದ ಪುಸ್ತಕದಲ್ಲಿ ಒತ್ತಕ್ಷರ ಸಿದ್ಧವಾಗಿ ಕೂತಿರುತ್ತದೆ. ಅದು ಹೇಗೆ ಆಯಿತು ಎಂಬುದು ಕಾಣುವುದಿಲ್ಲ. ಕೀಬೋರ್ಡ್‌ನಲ್ಲಿ ಕಾಣುತ್ತದೆ. ಆದರೆ ಯಾವ ಕೀಬೋರ್ಡ್ ಎಂಬುದು ಇಲ್ಲಿ ತುಂಬಾ ಮುಖ್ಯ.

ಫೋನಿನಲ್ಲಿ ಕನ್ನಡ ಬರೆಯಲು ಎರಡು ದಾರಿ. ಒಂದರಲ್ಲಿ ಇಂಗ್ಲಿಷ್ ಅಕ್ಷರ ಒತ್ತಬೇಕು. ಎ, ಎಂ, ಎಂ, ಎ ಒತ್ತಿದರೆ ಫೋನೇ 'ಅಮ್ಮ' ಎಂದು ತೋರಿಸುತ್ತದೆ. ನಮ್ಮಂಥವರಿಗೆ ಇದು ಬೇಗ. ಕಲಿಯುವ ಮಗುವಿಗೆ ಬೇಡವೇ ಬೇಡ. ಮಗು ಇಂಗ್ಲಿಷಿನಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಒತ್ತುತ್ತದೆ, ಕನ್ನಡದ ಕೆಲಸವನ್ನೆಲ್ಲ ಫೋನು ಮಾಡಿ ಮುಗಿಸುತ್ತದೆ.

ಇನ್ನೊಂದರಲ್ಲಿ ಕನ್ನಡ ಅಕ್ಷರಗಳೇ ಕೀಲಿಗಳ ಮೇಲಿರುತ್ತವೆ. ಅದರಲ್ಲಿ ಅಕ್ಷರವನ್ನು ಅರ್ಧ ಮಾಡುವ ಒಂದು ಕೀ ಇರುತ್ತದೆ. ಅ ಒತ್ತಿ, ಮ ಒತ್ತಿ, ಅರ್ಧದ ಕೀ ಒತ್ತಿದರೆ 'ಮ್'. ಮತ್ತೆ ಮ ಒತ್ತಿದರೆ ಅದು ಸೀದಾ ಕೆಳಗೆ ಹೋಗಿ ಕೂರುತ್ತದೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಇದನ್ನು ಮೊದಲ ಸಲ ನೋಡಿದಾಗ "ಟೀಚರ್, ಎರಡನೇ ಮ ಕೆಳಗಿಳಿದು ಕೂತಿತು!" ಎಂದು ಕೂಗಿದಳು. ಹಿಂದಿನ ಎರಡು ಭಾನುವಾರ ನಾನು ಬೋರ್ಡಿನ ಮೇಲೆ ವಿವರಿಸಿದ್ದು ಅದನ್ನೇ.

ಇನ್ನೂ ಚೆಂದ ಅರ್ಕಾವೊತ್ತು. 'ಸೂರ್ಯ' ಎನ್ನುವಾಗ ಬಾಯಲ್ಲಿ 'ರ್' ಮೊದಲು, 'ಯ' ಆಮೇಲೆ. ಬರೆಯುವಾಗ ಮಾತ್ರ 'ಯ' ಮೊದಲು, ಅರ್ಕಾವೊತ್ತು ಆಮೇಲೆ. ಮಕ್ಕಳು ಪುಸ್ತಕದಲ್ಲಿ ನೋಡಿ 'ಸೂಯ್ರ' ಎಂದು ಓದುತ್ತಾರೆ, ಅದು ಸಹಜ. ಕೀಬೋರ್ಡ್‌ನಲ್ಲಿ ರ, ಅರ್ಧದ ಕೀ, ಯ ಎಂದು ಬಾಯಲ್ಲಿ ಬರುವ ಕ್ರಮದಲ್ಲೇ ಒತ್ತಬೇಕು. ಯ ಒತ್ತಿದ ಕ್ಷಣ, ಮುಂದಿದ್ದ 'ರ್' ಹಾರಿ ಯ ಹಿಂದೆ ಹೋಗಿ ನಿಲ್ಲುತ್ತದೆ. ಮರಾಠಿಯ ರಫಾರ್ ಗೊತ್ತಿರುವ ಮಗುವಿಗೆ "ಅಲ್ಲಿ ರ್ ಮುಂದಿನ ಅಕ್ಷರದ ತಲೆಯ ಮೇಲೆ ಹತ್ತುತ್ತದೆ, ಇಲ್ಲಿ ಅದರ ಬೆನ್ನ ಹಿಂದೆ ನಿಲ್ಲುತ್ತದೆ" ಎಂದರೆ ಸಾಕು, ಮತ್ತೆ ಮರೆಯುವುದಿಲ್ಲ.

ಕಂಪ್ಯೂಟರ್ ಇದ್ದರೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಹಾಕಿಕೊಡಿ. ಕನ್ನಡ ಬರೆಯುವ ನುಡಿ ತಂತ್ರಾಂಶಕ್ಕೆ ಆಧಾರವಾದದ್ದು ಅದೇ. ಅದರಲ್ಲಿ ಎಫ್ ಕೀ ಒತ್ತಿದರೆ ಅಕ್ಷರ ಅರ್ಧವಾಗುತ್ತದೆ. ರಾವ್ ಅವರು ನಮ್ಮ ಮುಂಬೈಯ ವಿಜ್ಞಾನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ ಕೆಲಸ ಮಾಡಿದವರು. ಇದನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ. ಕನ್ನಡ ಎಂದರೆ ರಜೆಯಲ್ಲಿ ಹೋಗುವ ಊರಿನದ್ದು ಎಂದುಕೊಂಡಿರುವ ಮಕ್ಕಳಿಗೆ ತಮ್ಮ ಊರಿಗೂ ಕನ್ನಡಕ್ಕೂ ಇಂಥ ನಂಟಿದೆ ಎಂದು ತಿಳಿಯಲಿ.

ಹಾಗಂತ ಬರೆಯುವುದನ್ನು ಬಿಡಿಸಬೇಡಿ. ಕೀಬೋರ್ಡ್‌ನಲ್ಲಿ ಐದು ಪದ ಕಟ್ಟಿದರೆ, ಅದೇ ಐದು ಪದ ದುರೇಘಿ ವಹಿಯಲ್ಲಿ ಇಳಿಯಲಿ.

ಕಥೆ ಓದುವಾಗ: ಕಾಗದ ಮುಂದೆ, ಆದರೆ ಫೋನು ಇಲ್ಲದೆ ಆಗದು

ಒಂದೇ ಕಥೆಯನ್ನು ಕಾಗದದಲ್ಲೂ ಪರದೆಯಲ್ಲೂ ಓದಿದರೆ ಯಾವುದು ಹೆಚ್ಚು ತಲೆಗೆ ಹೋಗುತ್ತದೆ? ಒಂದರಿಂದ ಎಂಟು ವರ್ಷದ ಮಕ್ಕಳ ಮೇಲೆ ನಡೆದ 39 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ 2021ರಲ್ಲಿ ಬಂತು. ಕಥೆ ಹಾಗೇ ಇದ್ದು ಮಾಧ್ಯಮ ಮಾತ್ರ ಬದಲಾದರೆ ಕಾಗದವೇ ಮೇಲು ಎಂದು ಅದರಲ್ಲಿ ಕಂಡಿತು. ಆದರೆ ಇನ್ನೊಂದು ಮಾತೂ ಇದೆ. ಕಥೆ ಅರ್ಥವಾಗಲು ಸಹಾಯ ಮಾಡುವಂಥ ಸೌಲಭ್ಯಗಳು ಇದ್ದರೆ ಡಿಜಿಟಲ್ ಪುಸ್ತಕ ಕಾಗದವನ್ನು ಮೀರಿಸುತ್ತದೆ. ಆನೆಯನ್ನು ಮುಟ್ಟಿದರೆ ಅದು ಕುಣಿಯುತ್ತದೆ ಎಂಬಂಥ ಆಟ ಅಂಥ ಸಹಾಯ ಅಲ್ಲ. ಅದು ಗಮನ ಎಳೆದುಕೊಂಡು ಹೋಗುತ್ತದೆ, ಅಷ್ಟೆ.

ನನ್ನ ಮಟ್ಟಿಗೆ ಕಾಗದದ ದೊಡ್ಡ ಗುಣ ಬೇರೆ. ಪುಸ್ತಕ ಬಿಚ್ಚಿದರೆ ಪಕ್ಕದಲ್ಲಿ ಒಬ್ಬರು ಕೂರುತ್ತಾರೆ. ಫೋನು ಕೈಗೆ ಕೊಟ್ಟರೆ ನಾವು ಎದ್ದು ಅಡುಗೆಮನೆಗೆ ಹೋಗುತ್ತೇವೆ. ಲೋಕಲ್‌ನಲ್ಲಿ ನಿಂತುಕೊಂಡು ರಾತ್ರಿ ಒಂಬತ್ತಕ್ಕೆ ಮನೆ ಸೇರುವ ಅಪ್ಪನಿಗೆ ದಿನಾ ಒಂದು ಗಂಟೆ ಕೂರು ಎಂದು ಹೇಳುವುದಿಲ್ಲ. ಹತ್ತು ನಿಮಿಷ ಸಾಕು, ಒಂದು ಪುಟ ಸಾಕು. ಆದರೆ ಪಕ್ಕದಲ್ಲಿ ಕೂರಬೇಕು.

ಕಷ್ಟ ಇರುವುದು ಪುಸ್ತಕ ತರುವುದರಲ್ಲಿ. ಇಲ್ಲಿ ಮಕ್ಕಳ ಕನ್ನಡ ಪುಸ್ತಕ ಬೇಕೆಂದ ಕೂಡಲೇ ಸಿಗುವುದಿಲ್ಲ. ಊರಿಗೆ ಹೋದಾಗ ತರಬೇಕು, ಇಲ್ಲ ಅಂಚೆಯಲ್ಲಿ ತರಿಸಬೇಕು. ಇಲ್ಲಿ ಫೋನು ಕೈ ಹಿಡಿಯುತ್ತದೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಉಚಿತ. ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಂಡು ಅಚ್ಚು ಹಾಕಿಕೊಳ್ಳಬಹುದು. ನಾನು ಮಾಡುವುದು ಇಷ್ಟೇ: ಮೊದಲ ಹಂತದ ಒಂದು ಕಥೆ ಆರಿಸಿ, ಝೆರಾಕ್ಸ್ ಅಂಗಡಿಯಲ್ಲಿ ಒಂದು ಹಾಳೆಗೆ ಎರಡು ಪುಟದಂತೆ ಕಪ್ಪು-ಬಿಳುಪು ತೆಗೆಸಿ, ನಡುವೆ ಮಡಚಿ ಪಿನ್ ಹೊಡೆಯುತ್ತೇನೆ. ಚಿತ್ರಕ್ಕೆ ಮಕ್ಕಳೇ ಬಣ್ಣ ತುಂಬುತ್ತಾರೆ. ಅಲ್ಲಿನ ಎಷ್ಟೋ ಕಥೆಗಳು ಮರಾಠಿಯಲ್ಲೂ ಇವೆ. ಮೊದಲು ಮರಾಠಿಯಲ್ಲಿ ಓದಿ ಕಥೆ ಗೊತ್ತಾದ ಮಗು ಅದನ್ನೇ ಕನ್ನಡದಲ್ಲಿ ಓದುವಾಗ ಧೈರ್ಯದಿಂದ ಮುಂದೆ ಹೋಗುತ್ತದೆ.

ನಮ್ಮ ತರಗತಿಯ ಒಂದು ಮನೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅದೇ ಪುಸ್ತಕದ ಇನ್ನೊಂದು ಪ್ರತಿ ಮಾಡಿ ಶಿರಸಿಯಲ್ಲಿರುವ ಅಜ್ಜನಿಗೆ ಕಳಿಸಿದರು. ಶನಿವಾರ ಸಂಜೆ ವೀಡಿಯೋ ಕಾಲ್. ಇಲ್ಲಿ ಮೊಮ್ಮಗಳು ಓದುತ್ತಾಳೆ, ಅಲ್ಲಿ ಅಜ್ಜ ಕನ್ನಡಕ ಏರಿಸಿ ಅದೇ ಸಾಲಿನ ಮೇಲೆ ಬೆರಳಿಟ್ಟು ಕೂರುತ್ತಾರೆ. ತಪ್ಪಿದರೆ "ಅಲ್ಲೇ ನಿಲ್ಲು ಕೂಸೆ, ಮತ್ತೊಂದ್ಸಲ ಓದು" ಎನ್ನುತ್ತಾರೆ. ಒಂದು ಮಳೆಗಾಲದಲ್ಲಿ ಆ ಹುಡುಗಿ ಹದಿನಾಲ್ಕು ಪುಸ್ತಕ ಮುಗಿಸಿದಳು. ಕಾಗದ, ಫೋನು ಎರಡೂ ತಮ್ಮ ತಮ್ಮ ಜಾಗದಲ್ಲಿ ಕೆಲಸ ಮಾಡುವುದೆಂದರೆ ನನಗೆ ಇದೇ ಚಿತ್ರ ಕಣ್ಣಿಗೆ ಬರುವುದು.

ಚಿಕ್ಕ ಮಕ್ಕಳು, ದೊಡ್ಡವರು

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಅಕ್ಷರದ ಆ್ಯಪ್ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಪರದೆ ಬೇಡ, ಕಡಿಮೆ ಆದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆ ಒಂದು ಗಂಟೆ ಕಾರ್ಟೂನ್‌ಗೇ ಸಾಲುವುದಿಲ್ಲ. ಅವರಿಗೆ ತಟ್ಟೆಯಲ್ಲಿ ರವೆ ಹರಡಿ ಬೆರಳಲ್ಲಿ ಬರೆಸಿ.

ದೊಡ್ಡವರ ಲೆಕ್ಕ ಬೇರೆ. ಹಿಂದೆ ಹೋಟೆಲ್ ಕೆಲಸಕ್ಕೆಂದು ಬಂದ ಹುಡುಗರಿಗೆ ಇಲ್ಲಿನ ಕನ್ನಡ ಸಂಘಗಳು ರಾತ್ರಿ ಶಾಲೆ ನಡೆಸಿದವು. ಅಂಗಡಿ ಬಾಗಿಲು ಹಾಕಿದ ಮೇಲೆ ಪುಸ್ತಕ ಹಿಡಿದು ಬಂದವರು ಎಷ್ಟೋ ಜನ. ಈಗ ಕಲಿಯಲು ಬಯಸುವವರು ಹೆಚ್ಚಾಗಿ ಇಲ್ಲೇ ಹುಟ್ಟಿ ಬೆಳೆದವರು, ಇಲ್ಲ ಕನ್ನಡ ಮನೆಗೆ ಬಂದ ಮರಾಠಿ ಸೊಸೆಯಂದಿರು. ಇವರಿಗೆ ಫೋನಿನಿಂದಲೇ ಶುರು ಮಾಡಿ ಎನ್ನುತ್ತೇನೆ. ಕನ್ನಡ ಮಾತು ಬರುವವರು ಧ್ವನಿ ಟೈಪಿಂಗ್ ಹಾಕಿಕೊಂಡು "ಸಂಜೆ ಬೇಗ ಬನ್ನಿ" ಎಂದು ಹೇಳಿದರೆ ಅದೇ ಮಾತು ಅಕ್ಷರವಾಗಿ ಮುಂದೆ ಬರುತ್ತದೆ. ತಮ್ಮ ಮಾತನ್ನೇ ಓದುವುದರಿಂದ ಊಹಿಸುವುದು ಸುಲಭ. ಹಾಡಿನ ಸಾಲುಗಳು ಅದೇ ಭಾಷೆಯಲ್ಲಿ ಕೆಳಗೆ ಓಡುವ ವೀಡಿಯೋಗಳೂ ಒಳ್ಳೆಯವು. ಟಿವಿಯ ಹಾಡುಗಳಿಗೆ ಹೀಗೆ ಅದೇ ಭಾಷೆಯ ಸಾಲು ಹಾಕಿ ಓದು ಕಲಿಸುವ ಯೋಚನೆಯನ್ನು ಬ್ರಿಜ್ ಕೊಠಾರಿ ಅವರು 1996ರಲ್ಲಿ ಮುಂದಿಟ್ಟಿದ್ದರು. ಗೊತ್ತಿರುವ ಹಾಡು ಆರಿಸಿಕೊಳ್ಳಿ, ಕಣ್ಣು ತಾನಾಗಿ ಸಾಲಿನ ಹಿಂದೆ ಹೋಗುತ್ತದೆ.

ಆನ್‌ಲೈನ್ ತರಗತಿಗೆ ಸೇರಿಸಬಹುದಾ?

ಹತ್ತಿರದಲ್ಲಿ ತರಗತಿ ಇದ್ದರೆ ಅಲ್ಲಿಗೇ ಕಳಿಸಿ. ಇಲ್ಲದಿದ್ದರೆ ಆನ್‌ಲೈನ್ ಖಂಡಿತ ಆಗಬಹುದು, ಆದರೆ ಮೂರು-ನಾಲ್ಕು ಮಕ್ಕಳಿಗಿಂತ ಜಾಸ್ತಿ ಇರಬಾರದು. 2020ರ ಲಾಕ್‌ಡೌನಿನಲ್ಲಿ ನಾವೂ ಅದನ್ನೇ ಮಾಡಿದೆವು. ಪರದೆಯಲ್ಲಿ ಮಗುವಿನ ಮುಖ ಕಾಣುತ್ತದೆ, ಕೈ ಕಾಣುವುದಿಲ್ಲ. ಬರೆದ ಮೇಲೆ ಪುಸ್ತಕ ಎತ್ತಿ ತೋರಿಸಿದರೆ ಅಕ್ಷರ ಸರಿಯಾಗಿಯೇ ಇರುತ್ತದೆ, ಎಲ್ಲಿಂದ ಶುರು ಮಾಡಿತು ಎಂದು ಗೊತ್ತಾಗುವುದಿಲ್ಲ. ಆಮೇಲೆ ಒಂದು ಉಪಾಯ ಮಾಡಿದೆವು. ಎರಡು ಉಕ್ಕಿನ ಡಬ್ಬಿಗಳ ಮೇಲೆ ಸ್ಕೇಲ್ ಅಡ್ಡ ಇಟ್ಟು, ಕ್ಯಾಮೆರಾ ಕೆಳಮುಖ ಮಾಡಿ ಫೋನನ್ನು ಅದರ ಮೇಲೆ ಮಲಗಿಸಿ, ಅದರಡಿ ಪಾಟಿ ಇಡಿಸಿದೆವು. ಆನ್‌ಲೈನ್ ತರಗತಿ ಆರಿಸುವಾಗ ಅಲ್ಲಿನ ಟೀಚರಿಗೆ ಇದೊಂದನ್ನು ಕೇಳಿ: ಮಗು ಬರೆಯುವಾಗ ಅದರ ಕೈ ನಿಮಗೆ ಕಾಣುತ್ತದಾ?